ಫೋನು ಬಂದೀತು

ನನಗೆ ಮಾತು ಹೊಳೆಯುವುದು ಮಾತೆಲ್ಲ ಮುಗಿದ ಮೇಲೆ. ಸಂತೆಯಲ್ಲಿ ಬದನೆಕಾಯಿಯವಳ ಜೊತೆ ಚೌಕಾಸಿ ಮಾಡಿ ಸೋತು, ಮನೆಗೆ ಬಂದು ಚೀಲ ಸುರುವುವಾಗ ಆಕೆಗೆ ಏನು ಹೇಳಬೇಕಿತ್ತೆಂಬುದು ಥಟ್ಟನೆ ಹೊಳೆಯುತ್ತದೆ. ಆದರೆ ಕೇಳಲು ಎದುರಿಗೆ ಬದನೆಕಾಯಿಗಳಷ್ಟೇ ಇರುತ್ತವೆ. ಮದುವೆಯಾದ ಹೊಸದರಲ್ಲಿ ನನ್ನ ನಾದಿನಿ ಆಡಿದ ಒಂದು ಕೊಂಕು ಮಾತಿಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಆಕೆಯ ಮಗಳ ಮದುವೆಯ ದಿನ. ಅಕ್ಕಿಕಾಳು ಹಾಕುವ ಹೊತ್ತಿನಲ್ಲಿ ಅದನ್ನು ಹೇಳುವುದು ಚೆನ್ನಾಗಿ ಕಾಣಲಿಲ್ಲವೆಂದು ನುಂಗಿಕೊಂಡೆ. ಇಂಥವಳು ಸಂದರ್ಶನಕ್ಕೆ ಹೋಗಬಾರದು. ಹೋದರೂ ಆಮೇಲೆ ಅದನ್ನು ನೆನೆಸಿಕೊಳ್ಳುತ್ತ ಕೂರಬಾರದು. ನಾನು ಎರಡನ್ನೂ ಮಾಡಿದೆ.

ನನ್ನ ಪರಿಚಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಟ್ಟಿದ್ದು ಅಣ್ಣಿಗೇರಿ ಕಡೆ, ಲಗ್ನವಾಗಿ ಬಂದಿದ್ದು ಗುಡಗೇರಿಗೆ. ನಮ್ಮವರದು ಪೇಟೆಯಲ್ಲಿ ಅಡತಿ ಅಂಗಡಿ. ರೈತರು ತಂದ ಶೇಂಗಾ, ಹೆಸರು, ಮೆಣಸಿನಕಾಯಿಯನ್ನು ಕೊಳ್ಳುವವರಿಗೆ ಕೊಡಿಸಿ, ನಡುವೆ ನಿಂತದ್ದಕ್ಕೆ ದಲಾಲಿ ಪಡೆಯುವ ವ್ಯಾಪಾರ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ತಾಲೂಕಿನ ಒಂದು ಕಾಲೇಜಿನಲ್ಲಿ ಬಹಳ ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ತಿಥಿ ನೋಡದೆ ಬರುವವನೇ ಅತಿಥಿ ಎಂದು ಬಲ್ಲವರು ಅರ್ಥ ಹೇಳುತ್ತಾರೆ. ನಮ್ಮ ಕಾಲೇಜಿನವರು ಆ ಅರ್ಥವನ್ನು ಇನ್ನಷ್ಟು ವಿಸ್ತರಿಸಿ, ತಿಥಿ ನೋಡದೆ ಕಳಿಸಿಬಿಡುವುದನ್ನೂ ಅದರೊಳಗೆ ಸೇರಿಸಿದ್ದರು. ಪ್ರತಿ ಬೇಸಿಗೆಯಲ್ಲಿ ಮನೆಗೆ ಬರುವುದು, ಮಳೆಗಾಲದಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು. ಹೋದ ವರ್ಷ ಅರ್ಥಶಾಸ್ತ್ರ ಓದುವ ಹುಡುಗರು ಕಡಿಮೆಯಾದರು, ನನ್ನನ್ನು ಕರೆಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡ ಅತಿಥಿಗೆ ಇನ್ನು ಬರಬೇಡ ಎಂದು ಹೇಳುವ ಕಷ್ಟವನ್ನೂ ಅವರು ತೆಗೆದುಕೊಳ್ಳಲಿಲ್ಲ. ನಾನೇ ತಿಳಿದುಕೊಂಡೆ.

ಆಗ ಪಕ್ಕದ ಮನೆಯ ಹಸೀನಾ ತನ್ನ ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಹಸೀನಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವರ ಮನೆಯವರು ತಲೆಮಾರುಗಳಿಂದ ಇದೇ ಓಣಿಯವರು. ನನ್ನ ಅಡಿಗೆಮನೆಯ ಕಿಟಕಿಯೂ ಅವಳ ಅಡಿಗೆಮನೆಯ ಕಿಟಕಿಯೂ ಎದುರುಬದುರು ಇರುವುದರಿಂದ ನನ್ನ ಬದುಕಿನ ಮುಖ್ಯ ನಿರ್ಧಾರಗಳೆಲ್ಲ ಒಗ್ಗರಣೆಯ ಸದ್ದಿನ ನಡುವೆಯೇ ಆಗಿವೆ. ಯಾವುದೋ ಸಲಹಾ ಕಂಪನಿ, ಹುಬ್ಬಳ್ಳಿಯಲ್ಲೊಂದು ಕಚೇರಿ. ಹಳ್ಳಿಗಳ ಮಹಿಳಾ ಸಂಘಗಳಿಗೆ, ರೈತರ ಗುಂಪುಗಳಿಗೆ ವ್ಯಾಪಾರದ ಸಲಹೆ ಕೊಡಲು ಕುಂದಗೋಳ, ಕಲಘಟಗಿ ಕಡೆಯ ಜನಜೀವನ ಬಲ್ಲ ಸಲಹೆಗಾರರು ಬೇಕಾಗಿದ್ದಾರೆ ಎಂದಿತ್ತು. ಅರ್ಜಿ ಹಾಕಿದೆ. ಇದನ್ನು ಕೇಳಿ ನಮ್ಮ ಅತ್ತೆಗೆ ಆದ ಆಶ್ಚರ್ಯ ಅಷ್ಟಿಷ್ಟಲ್ಲ. ಸಲಹೆ ಕೊಟ್ಟರೆ ಪಗಾರ ಕೊಡುತ್ತಾರೆಯೇ ಎಂದು ಎರಡು ಸಲ ಕೇಳಿದರು. ಓಣಿಯ ಎಲ್ಲ ಬಾಣಂತಿಯರಿಗೂ, ಬೀಗರಿಗೂ, ಮನೆ ಕಟ್ಟಿಸುವವರಿಗೂ ಬೇಡವೆಂದರೂ ಬಿಡದೆ ಸಲಹೆ ಕೊಡುತ್ತ ಬಂದ ಹೆಂಗಸು ಅವರು. ಇಷ್ಟು ವರ್ಷ ಪುಕ್ಕಟೆ ದುಡಿದೆನಲ್ಲ ಎಂಬ ನೋವು ಅವರ ಮುಖದಲ್ಲಿ ಕಾಣುತ್ತಿತ್ತು.

ನನಗೆ ಈ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂಬುದನ್ನು ಯಾರಿಗೂ ಹೇಳಿರಲಿಲ್ಲ. ಲಗ್ನಗಳಲ್ಲಿ ಯಾರಾದರೂ "ಈಗ ಏನು ಮಾಡ್ತೀರಿ?" ಎಂದು ಕೇಳಿದರೆ, ಉತ್ತರ ಹೇಳುವ ಬದಲು ಅವರ ತಾಟಿಗೆ ಇನ್ನೊಂದು ಹೋಳಿಗೆ ಹಾಕಿಸುವುದನ್ನು ರೂಢಿಮಾಡಿಕೊಂಡಿದ್ದೆ. ವಯಸ್ಸು ಐವತ್ತರ ಹತ್ತಿರ ಬರುತ್ತಿದೆ. ಇದು ತಪ್ಪಿದರೆ ಇನ್ನೊಂದು ಸಿಗುವುದು ಕಷ್ಟ ಎಂದು ಗೊತ್ತಿತ್ತು. ಹಾಗಾಗಿ ಸಂದರ್ಶನಕ್ಕೆ ಕರೆ ಬಂದಾಗ ಕುಣಿಯುವ ಬದಲು ಕಿಟಕಿಗೆ ಹೋಗಿ, ಏನೇನು ಕೇಳಿಯಾರು ಎಂದು ಹಸೀನಾಳನ್ನು ವಿಚಾರಿಸತೊಡಗಿದೆ.

ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆ. ನಮ್ಮ ಮನೆಯ ಗೋಡೆಗಳು ಹಿಂದಿನವರು ಕಟ್ಟಿಸಿದ ದಪ್ಪ ಮಣ್ಣಿನ ಗೋಡೆಗಳು. ಬಿಸಿಲನ್ನು ಹೇಗೆ ಒಳಗೆ ಬಿಡುವುದಿಲ್ಲವೋ ನೆಟ್‌ವರ್ಕನ್ನೂ ಹಾಗೆಯೇ ಬಿಡುವುದಿಲ್ಲ. ಹಸೀನಾಳ ಮನೆಯಲ್ಲಿ ಅವತ್ತು ಬಣ್ಣ ಹಚ್ಚುವವರು ಇದ್ದರು. ಕೊನೆಗೆ ನಮ್ಮವರು ಅಂಗಡಿಯ ಅಟ್ಟವನ್ನು ಸೂಚಿಸಿದರು. ಅಲ್ಲಿ ನೆಟ್‌ವರ್ಕು ಅಗದಿ ಚೆನ್ನಾಗಿತ್ತು. ಅಟ್ಟ ಗುಡಿಸಿ, ಮೇಜು ಹಾಕಿ, ಹಿಂದೆ ಒಂದು ಹೊಸ ಚಾದರ ಇಳಿಬಿಟ್ಟು, ನನ್ನ ಸಂದರ್ಶನ ಮುಗಿಯುವವರೆಗೆ ಯಾರೂ ಗದ್ದಲ ಮಾಡಕೂಡದೆಂದು ಹಮಾಲರಿಗೆಲ್ಲ ಹೇಳಿದರು. ಇದರಿಂದ ಎರಡು ಪರಿಣಾಮಗಳಾದವು. ಒಂದು, ಇಡೀ ಪೇಟೆಗೆ ನನ್ನ ಸಂದರ್ಶನದ ಸುದ್ದಿ ಹೋಯಿತು. ಎರಡು, ಮುಂದಿನ ಬಾಗಿಲಲ್ಲಿ ಚೀಲ ಇಳಿಸಿದರೆ ಸದ್ದಾಗುತ್ತದೆಂದು ಅವತ್ತು ಬಂದ ಮೆಣಸಿನಕಾಯಿ ಚೀಲಗಳನ್ನೆಲ್ಲ ಹಮಾಲರು ಹಿಂದಿನ ಕೋಣೆಯಲ್ಲಿ, ಅಂದರೆ ಸರಿಯಾಗಿ ನನ್ನ ಕುರ್ಚಿಯ ಕೆಳಗೆ, ಬಹಳ ಸಂಭಾವಿತರಾಗಿ, ತುದಿಗಾಲಲ್ಲಿ ನಡೆದು ಇಳಿಸಿದರು.

ಪರದೆಯ ಮೇಲೆ ಮೂವರಿದ್ದರು. ಕನ್ನಡಕದ ಸಾಹೇಬರೊಬ್ಬರು, ಕೂದಲು ಕತ್ತರಿಸಿಕೊಂಡ ಮೇಡಂ ಒಬ್ಬರು, ಮತ್ತು ಮೂರನೆಯವರು. ಮೂರನೆಯವರು ಶುರುವಿನಲ್ಲಿ ನಮಸ್ಕಾರ ಎಂದಿದ್ದೇ ಕೊನೆ. ಆಮೇಲೆ ಅವರ ಮುಖ ಅರ್ಧ ತೆರೆದ ಬಾಯಿಯೊಂದಿಗೆ ಹಾಗೇ ನಿಂತುಬಿಟ್ಟಿತು. ಬಹಳ ಗಂಭೀರವಾಗಿ ಕೇಳುತ್ತಿದ್ದಾರೆಂದು ನಾನು ಅವರನ್ನೇ ನೋಡಿ ಉತ್ತರ ಹೇಳುತ್ತಿದ್ದೆ.

ಮೊದಲ ಕೆಲವು ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ಮೇಡಂ, ನಿಮ್ಮ ಜೀವನದಲ್ಲಿ ನೀವು ಸೋತ ಒಂದು ಪ್ರಸಂಗ ಹೇಳಿ ಎಂದರು. ಅದೇ ಹೊತ್ತಿಗೆ ಕೆಳಗಿನಿಂದ ಘಾಟು ಮೇಲೆ ಬಂತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಅಂದು ಬಂದ ಚೀಲಗಳು ಆ ಪಾಠ ಕೇಳಿರಲಿಲ್ಲ. ಕಾಲೇಜಿನಿಂದ ಮತ್ತೆ ಕರೆ ಬರದಿದ್ದ ಬಗ್ಗೆ ನಾನು ಒಂದು ವಾಕ್ಯ ಶುರುಮಾಡಿದ್ದೆ. ಮೊದಲು ಮೂಗು ಉರಿಯಿತು, ನಂತರ ಗಂಟಲು ಕಟ್ಟಿತು, ಆಮೇಲೆ ಎರಡೂ ಕಣ್ಣುಗಳಿಂದ ಧಾರಾಕಾರವಾಗಿ ನೀರು ಇಳಿಯತೊಡಗಿತು. ಇದು ಮೆಣಸಿನಕಾಯಿ ಎಂದು ಹೇಳಲು ಬಾಯಿ ತೆರೆದರೆ ಸೀನು ಬಂತು. ಸೀನು ತಡೆಯಲು ಹೋದರೆ ಬಿಕ್ಕಳಿಸಿದ ಹಾಗೆ ಸದ್ದು ಬಂತು. ಮೇಡಂ ಮುಖ ಮೆತ್ತಗಾಯಿತು. ನಿಧಾನವಾಗಿ ಹೇಳಿ, ಅವಸರವಿಲ್ಲ, ನೀರು ಕುಡಿಯಿರಿ ಎಂದರು. ಕನ್ನಡಕದ ಸಾಹೇಬರು ಮರ್ಯಾದೆಗೆಂದು ಬೇರೆ ಕಡೆ ನೋಡಿದರು. ಮೂರನೆಯವರು ಮಾತ್ರ ಕದಲಲಿಲ್ಲ.

ಸೆರಗಿನಿಂದ ಕಣ್ಣೊರೆಸಿಕೊಂಡು ಸುಧಾರಿಸಿಕೊಳ್ಳುವಷ್ಟರಲ್ಲಿ ಸಾಹೇಬರು ಅಂದಾಜಿನ ಪ್ರಶ್ನೆ ಕೇಳಿದರು. ಸಲಹಾ ಕಂಪನಿಗಳಲ್ಲಿ ಇಂಥ ಪ್ರಶ್ನೆ ಕೇಳುವ ಪದ್ಧತಿ ಇದೆ ಎಂದು ಹಸೀನಾ ಮೊದಲೇ ಎಚ್ಚರಿಸಿದ್ದಳು. ನಿಮ್ಮದು ಸಂತೆ ಊರು ಅಂದಿರಲ್ಲ, ಸಂತೆಯ ದಿನ ಊರಿನಲ್ಲಿ ಚಹಾ ಎಷ್ಟು ಕಪ್ಪು ಮಾರಾಟವಾದೀತು, ಲೆಕ್ಕ ಹಾಕಿ ಹೇಳಿ ಎಂದರು. ನಾನು ಊರಿನ ಜನರಿಂದ ಶುರುಮಾಡಿದೆ, ಸುತ್ತಲಿನ ಹಳ್ಳಿಗಳಿಂದ ಬರುವವರನ್ನು ಕೂಡಿಸಿದೆ, ರೈಲಿನಿಂದ ಇಳಿಯುವವರನ್ನು ಕೂಡಿಸಿದೆ. ಕಣ್ಣಿನಲ್ಲಿ ನೀರಿದ್ದುದರಿಂದ ಬರೆದ ಅಂಕಿಗಳು ಒಂದಕ್ಕೆರಡಾಗಿ ಕಾಣುತ್ತಿದ್ದವು. ಎಲ್ಲೋ ಒಂದು ಸೊನ್ನೆ ಹೆಚ್ಚಿಗೆ ಬಿತ್ತು. ಉತ್ತರ ಹೇಳಿದೆ. ಸಾಹೇಬರು ಅದನ್ನು ಕಾಗದದ ಮೇಲೆ ಭಾಗಿಸಿ ನೋಡಿ, ಹಾಗಾದರೆ ತೊಟ್ಟಿಲ ಕೂಸನ್ನೂ ಹಿಡಿದು ಒಬ್ಬೊಬ್ಬರೂ ನಲವತ್ತು ಕಪ್ಪು ಕುಡಿದ ಹಾಗಾಯಿತಲ್ಲ ಮೇಡಂ ಎಂದರು. ತಪ್ಪಾಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಹೇಳಿದ್ದು, "ನಮ್ಮ ಕಡೆ ಚಹಾ ಸ್ವಲ್ಪ ಹೆಚ್ಚಿಗೇ ಕುಡೀತಾರೆ ಸರ್."

ಕೊನೆಗೆ ಅವರು, ನೀವು ನಮಗೇನಾದರೂ ಕೇಳುವುದಿದೆಯೇ ಎಂದರು. ಇದಕ್ಕೂ ಹಸೀನಾ ಉತ್ತರ ಬರೆಸಿದ್ದಳು. ಕಂಪನಿಯ ಮುಂದಿನ ಯೋಜನೆಗಳ ಬಗ್ಗೆ ಒಂದು, ತರಬೇತಿಯ ಬಗ್ಗೆ ಒಂದು, ಹೀಗೆ ಘನವಾದ ಪ್ರಶ್ನೆಗಳು. ಆ ಗಳಿಗೆಯಲ್ಲಿ ಅವೆಲ್ಲ ಮರೆತು, ದೊಡ್ಡವರು ಮಾತು ಮುಗಿಸಿ ಏಳುವಾಗ ನಮ್ಮ ಕಡೆ ಏನು ಕೇಳುತ್ತಾರೋ ಅದೇ ನನ್ನ ಬಾಯಿಂದ ಬಂತು.

"ಊಟಾ ಆತೇನ್ರಿ?"

ಬೆಳಗಿನ ಹನ್ನೊಂದು ಗಂಟೆ. ಸಾಹೇಬರು ಗಡಿಯಾರ ನೋಡಿಕೊಂಡರು. ಮೇಡಂ ಸಾಹೇಬರನ್ನು ನೋಡಿದರು. ನಾಷ್ಟಾ ಆಗಿದೆ ಎಂದು ಸಾಹೇಬರು ಉತ್ತರಿಸಿ, ನಿಮಗೆ ತಿಳಿಸುತ್ತೇವೆ ಎಂದರು. ಪರದೆ ಕಪ್ಪಾಯಿತು. ಕೆಳಗೆ ಉಸಿರು ಬಿಗಿಹಿಡಿದು ನಿಂತಿದ್ದ ಹಮಾಲರೆಲ್ಲ ಒಟ್ಟಿಗೆ ಸೀನಿದರು.

ಆ ದಿನದಿಂದ ನಮ್ಮ ಮನೆಯಲ್ಲಿ "ತಿಳಿಸುತ್ತೇವೆ" ಎಂಬ ಒಂದು ಶಬ್ದದ ಮೇಲೆ ನಡೆದ ವ್ಯಾಖ್ಯಾನಗಳನ್ನು ಬರೆದಿಟ್ಟಿದ್ದರೆ ಒಂದು ಗ್ರಂಥವಾಗುತ್ತಿತ್ತು. ನಮ್ಮವರು ವ್ಯಾಪಾರಸ್ಥರು. ಮಾಲು ಬೇಡವಾದವನು ಅಲ್ಲೇ ನಿಂತು ಹತ್ತು ಕೊರತೆ ಹೇಳುತ್ತಾನೆ, ಬೇಕಾದವನು ಸುಮ್ಮನೆ ಹೋಗಿ ಮರುದಿನ ಬರುತ್ತಾನೆ, ಆದ್ದರಿಂದ ಇದು ಆಗುವ ಲಕ್ಷಣ ಎಂದರು. ಅತ್ತೆ ಇದನ್ನು ಹೆಣ್ಣು ನೋಡುವ ಶಾಸ್ತ್ರದ ಪ್ರಕಾರ ಅಳೆದರು. ನೋಡಲು ಬಂದವರು ಉಪ್ಪಿಟ್ಟು ಪೂರ್ತಿ ತಿಂದು ತಿಳಿಸುತ್ತೇವೆ ಎಂದರೆ ಒಂದು ಅರ್ಥ, ಅರ್ಧ ಬಿಟ್ಟು ತಿಳಿಸುತ್ತೇವೆ ಎಂದರೆ ಇನ್ನೊಂದು. ಪರದೆಯೊಳಗಿನ ಮಂದಿಗೆ ಉಪ್ಪಿಟ್ಟು ಕೊಡಲು ಬರುವುದಿಲ್ಲವೆಂದು ಕೇಳಿ, ಹಾಗಿದ್ದರೆ ಆ ಸಂಬಂಧದ ಬಗ್ಗೆ ಏನೂ ಹೇಳಲಾಗದು ಎಂದುಬಿಟ್ಟರು. ಹಸೀನಾ ಮಾತ್ರ ಸಂದರ್ಶನವನ್ನು ಪೂರ್ತಿ ಹೇಳಿಸಿ ಕೇಳಿದಳು. ಕಣ್ಣೀರಿನವರೆಗೆ ಸಮಾಧಾನ ಹೇಳಿದಳು, ನಲವತ್ತು ಕಪ್ಪಿಗೆ ಬಂದಾಗ ತುಟಿ ಕಚ್ಚಿಕೊಂಡಳು, ಊಟದ ಪ್ರಶ್ನೆಗೆ ಬಂದಾಗ ಕಿಟಕಿಯಿಂದ ಕಾಣೆಯಾದಳು. ಒಳಗಿನಿಂದ ನಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಕಾಯುವುದೆಂದರೆ ಏನೂ ಮಾಡದೆ ಇರುವುದೆಂದು ತಿಳಿದವರಿಗೆ ನಾನು ಹೇಳುವುದಿಷ್ಟೇ, ಅದಕ್ಕಿಂತ ದಣಿಸುವ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಸಂದರ್ಶನವನ್ನು ಮೊದಲಿನಿಂದ ಮತ್ತೆ ಕೊಡುತ್ತಿದ್ದೆ. ಹಂಚಿನ ಮುಂದೆ ನನ್ನ ಉತ್ತರಗಳು ಅದ್ಭುತವಾಗಿರುತ್ತಿದ್ದವು. ಸೋತ ಪ್ರಸಂಗಕ್ಕೆ ಮಾರ್ಮಿಕವಾದ ಉತ್ತರ, ಚಹಾದ ಲೆಕ್ಕಕ್ಕೆ ನಿಖರವಾದ ಉತ್ತರ. ಹಂಚು ಪ್ರತಿ ದಿನ ನನ್ನನ್ನು ಆಯ್ಕೆ ಮಾಡುತ್ತಿತ್ತು. ರೊಟ್ಟಿ ಸೀದು ಹೋಗುತ್ತಿತ್ತು. ಫೋನನ್ನು ನೆಟ್‌ವರ್ಕು ಸಿಗುವ ಏಕೈಕ ಜಾಗವಾದ ಹಿತ್ತಲಿನ ಕಟ್ಟೆಯ ಮೇಲೆ ಇಟ್ಟು, ಅದು ಕಾಣುವ ಹಾಗೆ ಎಲ್ಲ ಕೆಲಸಗಳನ್ನೂ ಹಿತ್ತಲಿಗೆ ಸಾಗಿಸಿದೆ. ಕಾಳು ಹಸನು ಮಾಡುವುದು ಅಲ್ಲಿ, ಬಟ್ಟೆ ಮಡಚುವುದು ಅಲ್ಲಿ. ಫೋನು ಗುಂಯ್ ಎಂದರೆ ಓಡಿಹೋಗುವುದು; ಸಾಲ ಬೇಕೇ ಎಂದು ಕೇಳುವ ಯಾವುದೋ ಹೆಂಗಸು ಇರುತ್ತಿದ್ದಳು. ನನ್ನಷ್ಟು ಆತುರದಿಂದ ಅವಳಿಗೆ ಹಲೋ ಎಂದವರು ಇನ್ನೊಬ್ಬರಿರಲಾರರು.

ಕಾಲೇಜಿನ ಮಕ್ಕಳಿಗೆ ನಾನು ಎಷ್ಟೋ ವರ್ಷ ಈ ಪಾಠ ಮಾಡಿದ್ದೇನೆ. ಅಪಾಯ ಬೇರೆ, ಅನಿಶ್ಚಿತತೆ ಬೇರೆ. ದಾಳ ಉರುಳಿಸಿದರೆ ಯಾವ ಸಂಖ್ಯೆ ಬೀಳುತ್ತದೋ ಗೊತ್ತಿಲ್ಲ, ಆದರೆ ಬೀಳಬಹುದಾದ ಸಂಖ್ಯೆಗಳು ಗೊತ್ತು, ಅದು ಅಪಾಯ. ದಾಳಕ್ಕೆ ಎಷ್ಟು ಮುಖಗಳಿವೆ ಎಂಬುದೇ ಗೊತ್ತಿಲ್ಲದಿದ್ದರೆ ಅದು ಅನಿಶ್ಚಿತತೆ. ಬಹಳ ಒಳ್ಳೆಯ ಪಾಠ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುತ್ತದೆ. ಅದನ್ನು ಕಲಿಸುವಾಗ ನನಗೆ ಅದು ಅರ್ಥವಾಗಿತ್ತೆಂದು ತಿಳಿದಿದ್ದೆ. ಹಿತ್ತಲಿನಲ್ಲಿ ಕೂತ ಮೇಲೆ ಅರ್ಥಶಾಸ್ತ್ರಕ್ಕಿಂತ ವ್ಯಾಕರಣವೇ ಹೆಚ್ಚು ಆಸರೆ ಕೊಟ್ಟಿತು. ನಮ್ಮ ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂಬ ಕ್ರಿಯಾರೂಪವಿತ್ತು, ನಿಮಗೆ ನೆನಪಿರಬಹುದು. ಬಂದಾನು, ಆದೀತು, ಸಿಕ್ಕೀತು. ಆಗ ಬಾಯಿಪಾಠ ಮಾಡಿ ಮರೆತಿದ್ದೆ. ಈಗ ನೋಡಿದರೆ, ಕನ್ನಡದ ಹಿರಿಯರು ನನ್ನಂಥವರಿಗಾಗಿಯೇ ಕ್ರಿಯಾಪದದಲ್ಲಿ ಒಂದು ಕೋಣೆ ಖಾಲಿ ಬಿಟ್ಟಿದ್ದಾರೆ. 'ಫೋನು ಬಂದೀತು' ಎನ್ನುವಾಗ 'ಬಂದ' ಎಂಬುದು ಆಗಲೇ ಬಾಯಲ್ಲಿ ಆಗಿರುತ್ತದೆ. ಬಂದೇಬಿಟ್ಟಿತು ಎಂದು ಏಳುವಷ್ಟರಲ್ಲಿ 'ಈತು' ಎಂದು ಬಾಲ ಜಾರಿಕೊಳ್ಳುತ್ತದೆ. ಪುಸ್ತಕದಲ್ಲಿ ಅದರ ಪಕ್ಕದಲ್ಲೇ ಬಾರದು, ಆಗದು ಎನ್ನುವ ನಿಷೇಧಾರ್ಥಕ ಕೂತಿತ್ತೆಂಬುದನ್ನು ಆದಷ್ಟು ನೆನೆಸಿಕೊಳ್ಳದೆ ಇದ್ದೆ.

ಮನೆಯೊಳಗಿನ ಮಂದಿಯನ್ನು ತಡೆದುಕೊಳ್ಳಬಹುದು, ಪೇಟೆಯನ್ನು ತಡೆಯುವುದು ಕಷ್ಟ. ತುದಿಗಾಲಲ್ಲಿ ನಡೆದ ಹಮಾಲರೆಲ್ಲ ನನ್ನ ಕೆಲಸದಲ್ಲಿ ತಮಗೂ ಪಾಲಿದೆ ಎಂಬ ಹಾಗೆ ವಿಚಾರಿಸುತ್ತಿದ್ದರು. ಹಾಲಿನವನು ಕೇಳಿದ, ಹಿಟ್ಟಿನ ಗಿರಣಿಯವನು ಕೇಳಿದ. ಮೊದಮೊದಲು ವಿವರವಾಗಿ ಹೇಳುತ್ತಿದ್ದೆ. ಆಮೇಲೆ ಇನ್ನೂ ತಿಳಿಸಿಲ್ಲ ಎನ್ನುತ್ತಿದ್ದೆ. ಕೊನೆಕೊನೆಗೆ ಅವರು ಬಾಯಿ ತೆರೆಯುವ ಮೊದಲೇ ನಾನೇ, "ಊಟಾ ಆತೇನ್ರಿ?" ಎಂದು ಕೇಳಿ ದಾಟಿಕೊಳ್ಳುತ್ತಿದ್ದೆ. ಸಂದರ್ಶನದಲ್ಲಿ ಕೈಕೊಟ್ಟ ಪ್ರಶ್ನೆ ರಸ್ತೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು.

ಒಂದು ಭಾನುವಾರ ಹಸೀನಾ ನನ್ನ ಅವಸ್ಥೆ ನೋಡಲಾರದೆ ಸಿಟ್ಟು ಮಾಡಿಕೊಂಡಳು. "ನೀ ಹಿಂಗ ಹಿತ್ತಲದಾಗ ಕುಂತ್ರ ಹುಚ್ಚಿ ಆಗ್ತಿ ನೋಡಲೇ," ಎಂದಳು. "ಬಾ, ಆ ಚಹಾದ ಲೆಕ್ಕಾ ಆದ್ರೂ ಮುಗಿಸಿ ಬರೂಣು. ಒಂದು ತಪ್ಪಾದ್ರೂ ತಲಿಯಿಂದ ಇಳೀಲಿ."

ಗಣಿತ ಕಲಿಸುವವರಿಗೆ ಸಮಾಧಾನ ಹೇಳುವ ಬೇರೆ ದಾರಿ ಗೊತ್ತಿರುವುದಿಲ್ಲ. ಫೋನನ್ನು ಕಟ್ಟೆಯ ಮೇಲೇ ಬಿಡಿಸಿ ನನ್ನನ್ನು ಎಬ್ಬಿಸಿದಳು, ಇಬ್ಬರೂ ಸ್ಟೇಶನ್ ಹತ್ತಿರದ ಚಹಾದ ಅಂಗಡಿಗೆ ಹೋದೆವು. ಅಲ್ಲಿ ಬೆಂಚಿನ ಮೇಲೆ, ಗೋಡೆಯ ಬದಿಗೆ, ಮೆಟ್ಟಿಲ ಮೇಲೆ ಜನ ಕೂತು ಕುಡಿಯುತ್ತಿದ್ದರು. ನಮ್ಮ ಗುರುತಿಲ್ಲದ ಮಾಲಕ ಬಲಗೈಯಲ್ಲಿ ಸೋಸುತ್ತ ಎಡಗೈಯಲ್ಲಿ ಕಪ್ಪು ಜೋಡಿಸುತ್ತಿದ್ದ. ಹಸೀನಾ ಚೀಲದಿಂದ ಪೆನ್ನು ತೆಗೆದು, ಸಂತೆಯ ದಿನ ಎಷ್ಟು ಕಪ್ಪು ಹೋಗುತ್ತದೆ ಎಂದು ಕೇಳಿದಳು. ಮಾಲಕ ಪೆನ್ನನ್ನು ನೋಡಿದ. ನನ್ನ ಇಸ್ತ್ರಿ ಸೀರೆಯನ್ನು ನೋಡಿದ. ಶಾಲೆಯ ಮೇಡಂಗೆ ಹೇಳುವ ಹಾಗೆ, ಎಲ್ಲಿ ಹೋಗುತ್ತದೆ ಬಾಯಾರ, ಈಗ ಯಾರೂ ಚಹಾ ಕುಡಿಯುವುದೇ ಇಲ್ಲ ಎಂದ. ಬೆಂಚಿನವನೊಬ್ಬ ಇನ್ನೆರಡು ಎಂದು ಬೆರಳೆತ್ತಿದ. ಮಾಲಕ ಎರಡು ಸುರುವಿ ಕೊಟ್ಟು, ಜನಕ್ಕೆಲ್ಲ ಸಕ್ಕರೆ ಬೇನೆ ಬಂದು ವ್ಯಾಪಾರವೇ ನಿಂತುಹೋಗಿದೆ, ರೂಢಿ ಬಿಡಲಾರದೆ ಬಾಗಿಲು ತೆರೆಯುತ್ತೇನೆ ಎಂದ. ನಾವು ತೆರಿಗೆಯವರಲ್ಲ ಎಂದು ಹಸೀನಾ ಎಷ್ಟು ಹೇಳಿದಳೋ ಅವನ ಅನುಮಾನ ಅಷ್ಟು ಬಲವಾಯಿತು. ಅವನ ಲೆಕ್ಕದ ಪ್ರಕಾರ ಸಂತೆಯ ದಿನ ಇಡೀ ಗುಡಗೇರಿಯಲ್ಲಿ ಖರ್ಚಾಗುವ ಚಹಾ ಒಂದು ಕಿಟ್ಲಿ. ನನ್ನ ಲೆಕ್ಕದಲ್ಲಿ ಕೂಸಿಗೂ ನಲವತ್ತು ಕಪ್ಪು. ಸತ್ಯ ಈ ಎರಡರ ನಡುವೆ ಎಲ್ಲೋ ಇದೆ ಎಂದು ಬರೆದುಕೊಂಡು, ಅವನ ಒತ್ತಾಯಕ್ಕೆ ಪುಕ್ಕಟೆ ಚಹಾ ಕುಡಿದು ಬಂದೆವು. ದಾರಿಯುದ್ದಕ್ಕೂ ನಕ್ಕೆವು. ಬಹಳ ದಿನಗಳ ಮೇಲೆ ಅಂದು ಅರ್ಧ ದಿನ ನನಗೆ ಫೋನಿನ ನೆನಪಾಗಲಿಲ್ಲ.

ಫೋನು ಬಂದಿದ್ದೂ ಆಗಲೇ. ನಾವು ಸ್ಟೇಶನ್ ಹತ್ತಿರ ಚಹಾ ಕುಡಿಯುತ್ತಿದ್ದಾಗ ಹಿತ್ತಲಿನ ಕಟ್ಟೆಯ ಮೇಲೆ ಅದು ಗುಂಯ್‌ಗುಟ್ಟಿದೆ, ಅತ್ತೆ ಎತ್ತಿದ್ದಾರೆ. ನಾನು ಮನೆಗೆ ಬಂದಾಗ ಅವರು ಬಹಳ ಪ್ರಸನ್ನರಾಗಿದ್ದರು. ಕಂಪನಿಯಿಂದ ಒಬ್ಬ ಹುಡುಗಿ ಮಾಡಿದ್ದಳಂತೆ. ರವಿವಾರವೂ ದುಡಿಸುತ್ತಾರಂತೆ ಪಾಪ. ಊರು ಹಾವೇರಿ ಕಡೆ, ಇನ್ನೂ ಲಗ್ನವಾಗಿಲ್ಲ, ತಮ್ಮನೊಬ್ಬ ಓದುತ್ತಿದ್ದಾನೆ, ಹಾಸ್ಟೆಲಿನ ಊಟ ಮೈಗೆ ಹಿಡಿಯುವುದಿಲ್ಲ, ಅದಕ್ಕೆ ಅತ್ತೆ ಜೀರಿಗೆ ಕಷಾಯ ಹೇಳಿದ್ದಾರೆ. ನನ್ನ ಸೊಸೆ ಸಂದರ್ಶನದಲ್ಲಿ ಅತ್ತಿದ್ದಲ್ಲ, ಅದು ಮೆಣಸಿನಕಾಯಿ ಘಾಟು, ಆಕೆ ಹಾಗೆಲ್ಲ ಅಳುವವಳಲ್ಲ ಎಂದೂ ತಿಳಿಸಿ ಹೇಳಿದ್ದಾರೆ. ಆಕೆ ಯಾಕೆ ಫೋನು ಮಾಡಿದ್ದಳು ಎಂದು ಕೇಳಿದೆ.

"ಅದನ್ನ ಕೇಳಲಿಲ್ಲ ನೋಡವಾ," ಎಂದರು ಅತ್ತೆ. "ತನ್ನ ಕಷ್ಟಾ ಹೇಳ್ಕೋತ ಇತ್ತು ಹುಡುಗಿ. ನಡುವ ನಮ್ಮ ಕೆಲಸದ ಮಾತ ತಗದ್ರ ಛಲೋ ಅನಸತೈತೇನು?"

ಆ ನಂಬರಿಗೆ ತಿರುಗಿ ಮಾಡಿದರೆ ಅದು ಕರೆ ಮಾಡಲು ಮಾತ್ರ ಇರುವ ನಂಬರು, ತೆಗೆದುಕೊಳ್ಳುವವರಿಲ್ಲ. ಅಂದು ಸಂಜೆ ನಮ್ಮ ಮನೆಯಲ್ಲಿ ನಡೆದ ವಿಚಾರಣೆ ನೆನೆದರೆ ಈಗಲೂ ನಗು ಬರುತ್ತದೆ. ಹುಡುಗಿಯ ದನಿ ಖುಷಿಯಾಗಿತ್ತೋ ಸಪ್ಪಗಿತ್ತೋ ಎಂದು ನಮ್ಮವರು ತಾಯಿಯನ್ನು ಕೇಳಿದರು. ಶುರುವಿನಲ್ಲಿ ಸಪ್ಪಗಿತ್ತು, ಕಷಾಯ ಹೇಳಿದ ಮೇಲೆ ಖುಷಿಯಾಯಿತು ಎಂದು ಅತ್ತೆ ಹೇಳಿದರು. ಇದರಿಂದ ಏನನ್ನೂ ಊಹಿಸುವಂತಿರಲಿಲ್ಲ. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ನಿಜವಾಗಿಯೂ ಅತ್ತುಬಿಟ್ಟೆ. ಈ ಸಲ ಘಾಟು ಇರಲಿಲ್ಲ. ಇಷ್ಟೆಲ್ಲ ತಮಾಷೆಯ ಕೆಳಗೆ ಇಷ್ಟು ಆಸೆ ಇಟ್ಟುಕೊಂಡಿದ್ದೆನೆಂದು ನನಗೇ ಆಗ ಗೊತ್ತಾಯಿತು. ನಮ್ಮವರು ಬಾಗಿಲಲ್ಲಿ ನಿಂತು, ನಾಳೆ ಅಂಗಡಿ ಬಂದ್ ಇಟ್ಟು ಹುಬ್ಬಳ್ಳಿಗೆ ಹೋಗಿ ಕೇಳಿ ಬರಲೇ ಎಂದರು. ಹಬ್ಬದ ದಿನವೂ ಅಂಗಡಿ ಬಂದ್ ಇಡದ ಮನುಷ್ಯ. ಬೇಡ ಎಂದೆ.

ಮರುದಿನ ಹುಡುಗಿಯೇ ಮತ್ತೆ ಮಾಡಿದಳು. ಮೊದಲು ಅಜ್ಜಿಯವರು ಹೇಗಿದ್ದಾರೆ ಎಂದು ಕೇಳಿದಳು. ಆಮೇಲೆ, ನೀವು ಆಯ್ಕೆಯಾಗಿದ್ದೀರಿ, ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ, ನಂತರ ನೋಡಿ ತಿಳಿಸುತ್ತೇವೆ ಎಂದಳು. ನಾನು ಆಗಲಿ ಎಂದೆ. ಎಷ್ಟೋ ವರ್ಷ ಅತಿಥಿಯಾಗಿ ಇದ್ದವಳಿಗೆ ಆರು ತಿಂಗಳೆಂದರೆ ಶಾಶ್ವತ ನೌಕರಿ. ಅತ್ತೆಗೆ ಸುದ್ದಿ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. ನಾನು ನಿನ್ನೆಯೇ ಮಾತಾಡಿದ್ದೇನಲ್ಲ ಎಂಬ ಮುಖ ಮಾಡಿದರು.

ಕೆಲಸಕ್ಕೆ ಸೇರಿದ ಮೇಲೆ ಆ ಹುಡುಗಿ ನನಗೆ ಸ್ನೇಹಿತೆಯಾದಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ, ನನ್ನನ್ನು ಆರಿಸಿದ ಕತೆ ಹೇಳಿದಳು. ಮೇಡಂ ನನ್ನ ಬಗ್ಗೆ 'ಭಾವುಕರು' ಎಂದು ಬರೆದು ಒಳ್ಳೆಯ ಗುಣಗಳ ಸಾಲಿನಲ್ಲಿ ಸೇರಿಸಿದ್ದರಂತೆ. ಕನ್ನಡಕದ ಸಾಹೇಬರೂ 'ಭಾವುಕರು' ಎಂದೇ ಬರೆದು ದೋಷಗಳ ಸಾಲಿನಲ್ಲಿ ಹಾಕಿದ್ದರಂತೆ. ಇಬ್ಬರಿಗೂ ವಾದವಾಗಿ ಬಗೆಹರಿಯದೆ, ಕೊನೆಗೆ ಮೂರನೆಯವರನ್ನು ಕೇಳಿದ್ದಾರೆ. ಮೂರನೆಯವರಿಗೆ ಅಂದು ನಮಸ್ಕಾರ ಎಂದ ಮೇಲೆ ನೆಟ್‌ವರ್ಕು ಹೋಗಿ ಒಂದು ಮಾತೂ ಕೇಳಿಸಿರಲಿಲ್ಲ. ಅದನ್ನು ಹೇಳಲು ಸಂಕೋಚಪಟ್ಟು, ಇವರು ನನಗೆ ಒಪ್ಪಿಗೆ ಎಂದುಬಿಟ್ಟಿದ್ದಾರೆ. ಎಷ್ಟು ದಿನ, ಎಷ್ಟು ರೊಟ್ಟಿ ಸೀಯಿಸಿಕೊಂಡು ನಾನು ಒಂದೊಂದು ಮಾತನ್ನೂ ತೂಗಿ ನೋಡಿದ್ದೆ. ತಕ್ಕಡಿ ಹಿಡಿದಿದ್ದವರು ಯಾವ ಮಾತನ್ನೂ ಕೇಳಿರಲೇ ಇಲ್ಲ. ಇದನ್ನು ತಿಳಿದು ಬೇಸರಪಡಬೇಕೋ ಹಗುರಾಗಬೇಕೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಹಗುರಾಗುವುದೇ ಸುಲಭವೆನಿಸಿ ಮೊಸರನ್ನ ಕಲಿಸಿಕೊಂಡೆ.

ನನ್ನನ್ನು ಮೊದಲು ಕಳಿಸಿದ್ದು ಕುಬಿಹಾಳಕ್ಕೆ. ಅಲ್ಲಿನ ಹೆಣ್ಣುಮಕ್ಕಳ ಸಂಘವೊಂದು ಕಡಕ್ ಜೋಳದ ರೊಟ್ಟಿ ಮಾಡಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಮಾರಬೇಕೆಂದು ಮನಸ್ಸು ಮಾಡಿತ್ತು. ಕಚೇರಿಯವರು ನನಗೆ ತರಬೇತಿ ಕೊಟ್ಟಿದ್ದರು. ಸಲಹೆಗಾರರು ಆತ್ಮವಿಶ್ವಾಸದಿಂದ ಮಾತಾಡಬೇಕು, ಗೊತ್ತಿಲ್ಲ ಎಂಬ ಶಬ್ದವನ್ನು ಆದಷ್ಟು ಬಳಸಬಾರದು, ಬದಲಿಗೆ 'ಇದನ್ನು ಮೂರು ದೃಷ್ಟಿಯಿಂದ ನೋಡಬಹುದು' ಎನ್ನಬೇಕು ಎಂದು ಹೇಳಿಕೊಟ್ಟಿದ್ದರು. ಶಾಲೆಯ ವರಾಂಡದಲ್ಲಿ ಹೆಂಗಸರೆಲ್ಲ ಚಾಪೆ ಹಾಸಿ ಕೂತಿದ್ದರು. ನನಗೆ ಒಂದು ಕುರ್ಚಿ ಹಾಕಿದ್ದರು, ಅದಕ್ಕೆ ಹೊಸ ಟವೆಲು ಹೊದಿಸಿದ್ದರು. ನಾನು ಬಣ್ಣಬಣ್ಣದ ಪಟಗಳನ್ನು ತೋರಿಸಿ ಮಾತಾಡಿದೆ. ಎಲ್ಲರೂ ಶಾಂತವಾಗಿ ಕೇಳಿದರು. ಮುಗಿದ ಮೇಲೆ ಸಂಘದ ಹಿರಿಯಳಾದ ಗಂಗವ್ವ ಸೆರಗು ಸರಿಮಾಡಿಕೊಂಡು ಕೇಳಿದಳು.

"ಎಲ್ಲಾ ಖರೇ ಬಾಯಾರ. ಈಗ ನಾವು ಮಾಡಿದ ರೊಟ್ಟಿ ಹೋಕ್ಕಾವೋ ಇಲ್ಲೊ? ಅಷ್ಟ ಹೇಳ್ರಿ."

ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮನೆಯಲ್ಲಿ ಗಂಡಂದಿರಿಗೆ ಎದುರು ಹೇಳಿ ಈ ಸಂಘಕ್ಕೆ ಬಂದವರು ಅವರಲ್ಲಿದ್ದರು, ಇದ್ದಬದ್ದ ಜೋಳ ಬೀಸಿಸಿಟ್ಟು ಕಾಯುತ್ತಿದ್ದವರಿದ್ದರು. ಮೂರು ದೃಷ್ಟಿಗಳಲ್ಲಿ ಒಂದೂ ನನಗೆ ನೆನಪಾಗಲಿಲ್ಲ. ಹೋದಾವು ಎನ್ನಲೂ ಧೈರ್ಯ ಸಾಲಲಿಲ್ಲ.

"ನನಗೂ ಗೊತ್ತಿಲ್ರಿ," ಎಂದೆ. "ಸ್ವಲ್ಪ ಮಾಡಿ, ಒಯ್ದು ಕೊಟ್ಟು ನೋಡೂಣು."

ಗಂಗವ್ವ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪಕ್ಕದವಳನ್ನು ಮೊಣಕೈಯಿಂದ ತಿವಿದು, ತಾನೂ ಸರಿದು, ಚಾಪೆಯ ಮೇಲೆ ಜಾಗ ಮಾಡಿದಳು.

"ಹಂಗಾರ ಅಲ್ಯಾಕ ಕುಂತೀರಿ, ಇಲ್ಲಿ ಬರ್ರಿ. ನಮಗೂ ಗೊತ್ತಿಲ್ಲ."

ನಾನು ಕುರ್ಚಿಯಿಂದ ಇಳಿದು ಅವರ ನಡುವೆ ಕೂತೆ.